ನಾಳೆ ಎಂದು ಬರೆದಿಟ್ಟ ಸಾಲು

ಮರ್ಫಿ ಟೌನ್, ಬೆಂಗಳೂರು
೧೩ ಅಕ್ಟೋಬರ್ ೨೦೨೪

ಮುದ್ದು ದಿವ್ಯಾ,

ಗಂಟಲು ಈಗ ಹೇಗಿದೆ? ಬೀದರ್‌ನ ವಸತಿ ಶಾಲೆಯಲ್ಲಿ ಅರವತ್ತು ಮಕ್ಕಳಿಗೆ ಕೇಳುವಂತೆ ಪಾಠ ಹೇಳಿ ಗಂಟಲು ಕಟ್ಟಿದೆ ಎಂದಿದ್ದೆ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು, ಬರೀ ಮಾತ್ರೆ ನುಂಗಿ ಸುಮ್ಮನಾಗಬೇಡ. ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪ ಹೋಗಿ ನಾಲ್ಕು ತಿಂಗಳಾದರೂ ಕೈ ಮರೆತು ಮುದ್ದೆ ಎರಡು ಕಟ್ಟಿಬಿಡುತ್ತದೆ. ಎರಡನೆಯದು ಪಕ್ಕದ ಮನೆಯ ಬೈರಮ್ಮನಿಗೆ ಹೋಗುತ್ತದೆ.

ಆಯುಧಪೂಜೆ ಮುಗಿಯಿತು. ಈ ವರ್ಷ ನಮಗೆ ಹಬ್ಬವಿಲ್ಲ, ಆದರೆ ಧೂಳು ಒರೆಸಬಾರದೆಂದು ಯಾರೂ ಹೇಳಿಲ್ಲವಲ್ಲ. ಹಬ್ಬದ ಹಿಂದಿನ ದಿನ ನಿಮ್ಮಪ್ಪನ ಕಂಪ್ಯೂಟರ್ ಕೋಣೆಗೆ ಹೋಗಿ ಎಂಟು ಕಂಪ್ಯೂಟರ್‌ಗಳನ್ನೂ ಒರೆಸಿದೆ. ಹೊರಗಿನಿಂದ ಬರುವ ನೆಟ್ಟನ್ನು ಎಂಟಕ್ಕೂ ಹಂಚುವ ಮೂಲೆಯ ಯಂತ್ರ ಇದೆಯಲ್ಲ, ಅವರು ಸರ್ವರ್ ಎನ್ನುತ್ತಿದ್ದುದು, ಅದರ ಹಣೆಯ ಮೇಲೆ ಹೋದ ವರ್ಷದ ಕುಂಕುಮ ಹಾಗೇ ಇತ್ತು. ಒದ್ದೆ ಬಟ್ಟೆ ಮುಟ್ಟಿಸುವ ಮುನ್ನ ಸ್ವಿಚ್ ಆರಿಸಿ, ಒರೆಸಿ ಮತ್ತೆ ಹಾಕಿದೆ. ಬ್ಯಾಟರಿ ಇದ್ದುದರಿಂದ ಅವರು ಹೋದಾಗಿನಿಂದ ಅದು ಒಮ್ಮೆಯೂ ಆರಿರಲಿಲ್ಲ. ಆರಿಸಿದರೆ ಏನಾದರೂ ಆದೀತೆಂದು ನನಗೆ ಹೊಳೆಯಲೇ ಇಲ್ಲ.

ಎರಡು ಗಂಟೆಗೆ ಬಾಗಿಲು ತೆರೆದಿದ್ದನ್ನು ಕಂಡು ಸಾಮಿಯಾ ಬಂದಳು, ಡಿಗ್ರಿ ಓದುವ ಹುಡುಗಿ. ಸ್ಕಾಲರ್‌ಶಿಪ್ ಅರ್ಜಿಗೆ ಅವತ್ತೇ ಸಂಜೆ ಐದಕ್ಕೆ ಕೊನೆ, ಅವಳ ಫೋನಿನಲ್ಲಿ ಫೋಟೊ ಏರುತ್ತಿಲ್ಲ. ಕೂತವಳು ಕೂಗಿದಳು, "ಆಂಟಿ, ಮೂಲೇದಕ್ಕೆ ನೆಟ್ ಇದೆ, ನಮ್ದು ಒಂದಕ್ಕೂ ಬರ್ತಿಲ್ಲ." ಅದೇ ಹೊತ್ತಿಗೆ ಅಕ್ತರ್ ಸಾಹೇಬರೂ ಕೋಣೆ ಅಳೆಯಲು ಟೇಪು ಹಿಡಿದು ಬಂದಿದ್ದರು. ಶಿವಾಜಿನಗರದ ಅವರ ಕಬ್ಬಿಣದ ಬೀರು ಅಂಗಡಿಗೆ ಗೋಡೌನ್ ಬೇಕಂತೆ, ಬಾಡಿಗೆಗೆ ಕೊಟ್ಟುಬಿಡಮ್ಮ, ನಿನ್ನಿಂದ ಅದನ್ನು ನಡೆಸೋಕಾಗಲ್ಲ ಎಂದು ನೀನೇ ಹೇಳಿದ್ದೆಯಲ್ಲ. ಸಾಹೇಬರು ನೋಡಿ, "ಸಾಕ್ ಬಿಡಿ ಅಮ್ಮಾ. ಪ್ರೇಮ್‌ಕುಮಾರ್ ಸಾರ್ ಜೊತೇಲೇ ಅದೂ ಹೋಯ್ತು" ಎಂದರು. ನನಗೂ ಹಾಗೇ ಅನ್ನಿಸಿತ್ತು. ಅದಕ್ಕೇ ಆ ಮಾತು ತಾಗಿತು.

ನಾನು ಎಸ್‌ಎಸ್‌ಎಲ್‌ಸಿ ಓದಿದವಳು. ಆದರೂ ಅವರ ನೋಟ್‌ಬುಕ್ ತೆಗೆದು ಒಂದೊಂದೇ ಪುಟ ತಿರುವುತ್ತ ಹೋದೆ. ಪಾಸ್‌ವರ್ಡ್ ಹುಡುಕಬೇಕಾಗಲಿಲ್ಲ, ಟೈಪ್ ಮಾಡುವಾಗ ಬಾಯಲ್ಲಿ ಹೇಳಿಕೊಳ್ಳುವ ಅಭ್ಯಾಸ ಅವರದು. "ಸರ್ವರ್‌ಗೆ ನೆಟ್ ಇದ್ದು ಉಳಿದವಕ್ಕೆ ಇಲ್ಲದಿದ್ದರೆ ಐಪಿ ಫಾರ್ವರ್ಡ್ ನೋಡು" ಎಂದು ಬರೆದಿದ್ದರು. ಅಲ್ಲಿ ಸೊನ್ನೆ ಇದ್ದರೆ ಯಂತ್ರ ತನ್ನ ಹೆಸರಿಗೆ ಬಂದದ್ದನ್ನು ಮಾತ್ರ ತೆಗೆದುಕೊಳ್ಳುತ್ತದೆ, ಬೇರೆಯವರದ್ದನ್ನು ಮುಂದಕ್ಕೆ ದಾಟಿಸುವುದಿಲ್ಲ. ನಮ್ಮ ಬೈರಮ್ಮನ ಹಾಗೆ, ನಿನ್ನ ಕಾಗದ ಅವಳ ಮನೆಗೆ ಬಿದ್ದರೆ ಈಚೆ ಬಂದದ್ದುಂಟೆ? ಒಂದು ಇದ್ದರೆ ದಾಟಿಸುತ್ತದೆ. ಅವರು ಬರೆದ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಒತ್ತಿದೆ. ಸೊನ್ನೆ ಬಂತು. ನಿಮ್ಮಪ್ಪ ಕೊನೆಯ ಸಲ ಕೈಯಾರೆ ಹಾಕಿದ ಒಂದು, ಅವರಿಲ್ಲದ ನಾಲ್ಕು ತಿಂಗಳೂ ನಿಂತಿತ್ತು ದಿವ್ಯಾ. ಧೂಳಿನ ಜೊತೆ ಅದನ್ನೂ ನಾನೇ ಒರೆಸಿದ್ದೆ.

ಸಾಮಿಯಾ ಹೆಗಲು ಹಿಡಿದು, "ಆಮೇಲೆ ಇಬ್ರೂ ಕೂತ್ಕೊಂಡು ಅಳೋಣ ಆಂಟಿ, ಈಗ ನಾಲ್ಕೂವರೆ" ಎಂದಳು. ನಗು ಬಂದುಬಿಟ್ಟಿತು. ಎರಡು ಸಲ ತಪ್ಪಿ ಮೂರನೆಯ ಸಲ ಒಂದು ಹಾಕಿದೆ. ಐದಕ್ಕೆ ಆರು ನಿಮಿಷ ಇರುವಾಗ ಅವಳ ಅರ್ಜಿ ಹೋಯಿತು.

ಅಲ್ಲಿಗೇ ಬಿಡಬಹುದಿತ್ತು. ಆದರೆ ಆ ಪುಟದ ಕೆಳಗೆ ಇನ್ನೊಂದು ಸಾಲು ಇತ್ತು: "ಆರಿಸಿ ಹಾಕಿದರೆ ಮತ್ತೆ ಸೊನ್ನೆ. ಫೈಲಿನಲ್ಲಿ ಖಾಯಂ ಮಾಡಬೇಕು. ನಾಳೆ." ತಾರೀಖು ಮೂರು ವರ್ಷ ಹಿಂದಿನದು. ಅವರ ನಾಳೆ ನಿನಗೆ ಗೊತ್ತಲ್ಲ, ಬಚ್ಚಲಮನೆ ನಲ್ಲಿ ಇವತ್ತಿಗೂ ತೊಟ್ಟಿಕ್ಕುತ್ತಿದೆ. ಫೈಲು ತೆಗೆದರೆ ಬೇಕಾದ ಸಾಲು ಮೊದಲಿನಿಂದಲೂ ಅಲ್ಲೇ ಇದೆ, ಮುಂದೆ ಒಂದು ಹ್ಯಾಶ್ ಗುರುತು ಅಷ್ಟೆ. ಆ ಗುರುತಿದ್ದರೆ ಯಂತ್ರ ಆ ಸಾಲನ್ನು ಓದುವುದಿಲ್ಲ. ಗುರುತನ್ನು ಅಳಿಸಿದೆ, ಸೇವ್ ಮಾಡಿದೆ, ಸ್ವಿಚ್ಚಿಗೆ ಕೈ ಹಾಕಿದೆ. "ಅಯ್ಯೋ, ಮತ್ತೆ ಯಾಕಮ್ಮಾ ಆಫ್ ಮಾಡ್ತೀರಾ, ಬಂದಿದ್ದೇ ದೊಡ್ಡದು!" ಎಂದು ಸಾಹೇಬರು ಎದ್ದು ನಿಂತರು. ಆರಿಸಿದೆ. ಹಾಕಿದೆ. ಯಾರೂ ಏನೂ ಹೇಳಿಕೊಡದೆ ತಾನಾಗಿ ಒಂದು ಎಂದು ತೋರಿಸಿತು. ನಿಮ್ಮಪ್ಪ ಇದ್ದಿದ್ದರೆ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ನಾನು ನಿನಗೊಬ್ಬಳಿಗೆ ಬರೆಯುತ್ತಿದ್ದೇನೆ.

ನಿಮ್ಮ ಹಾಸ್ಟೆಲಿನ ಅಡುಗೆಯವರಿಗೆ ನನ್ನ ನಮಸ್ಕಾರ ತಿಳಿಸು. ಹೊಟ್ಟೆ ತುಂಬ ಉಣ್ಣು, ತಣ್ಣಗಿರು ನನ್ನ ತಾಯಿ.

ನಿನ್ನ ಅಮ್ಮ,
ಆಂಜನಮ್ಮ

ಮರೆತಿದ್ದೆ: ನಿನ್ನನ್ನು ಕೇಳದೆ ಒಂದು ಕೆಲಸ ಮಾಡಿದೆ. ಕೋಣೆ ಕೊಡುವುದಿಲ್ಲ ಎಂದು ಸಾಹೇಬರಿಗೆ ಹೇಳಿಬಿಟ್ಟೆ. "ಅದು ಆಗ್ಲೇ ಗೊತ್ತಾಯ್ತು ಬಿಡಿ" ಎಂದು ನಕ್ಕು ಟೇಪು ಸುತ್ತಿಕೊಂಡರು. ಸೋಮವಾರದಿಂದ ನಾನೇ ಬಾಗಿಲು ತೆಗೆಯುತ್ತೇನೆ. ನೋಟ್‌ಬುಕ್ಕಿನ ಆ ನಾಳೆಗೆ ಗೀಟು ಎಳೆದು, ಪಕ್ಕದಲ್ಲಿ ಆಯಿತು ಎಂದು ಬರೆದು ತಾರೀಖು ಹಾಕಿದ್ದೇನೆ. ಬೈಯುವುದಿದ್ದರೆ ಗಂಟಲು ವಾಸಿಯಾದ ಮೇಲೆ ಬೈ.