ಎರಡನೇ ಮಹಡಿಯ ಅಧ್ಯಕ್ಷರು

೩ನೇ ತಾರೀಖು, ಬೆಳಿಗ್ಗೆ ೮

ಮೈಕಿಗೆ ಸಾಕ್ಸ್ ತೊಡಿಸಿದೆ, ಗಾಳಿ ಸದ್ದು ತಡೆಯಲು. ಸಾಕ್ಸ್ ಚಿಕ್ಕಪ್ಪನದು. ವ್ಯಾನೂ ಚಿಕ್ಕಪ್ಪನದೇ — ಹಾಸಿಗೆ ಅಂಗಡಿಯ ವ್ಯಾನು, ಒಳಗೆಲ್ಲ ಹತ್ತಿ. ಬ್ರೇಕ್ ಹಾಕಿದಾಗಲೆಲ್ಲ ಇಬ್ಬರಿಗೂ ಸೀನು. ಅಕ್ಕ ಡ್ರೈವರು, ಕ್ಯಾಮೆರಾ, ಡೈರೆಕ್ಟರು. ನಾನು ಮೈಕ್ ಹಿಡಿಯುವ ಘನ ಹುದ್ದೆಯಲ್ಲಿ ವಿರಾಜಮಾನ.

ಇವತ್ತಿನ ಮೊದಲ ಬಲಿ ಒಬ್ಬ ಕ್ಷೌರಿಕ. ಪ್ರಶ್ನೆ ಎಲ್ಲರಿಗೂ ಒಂದೇ: "ಇಲ್ಲಿತನಕ ಯಾರಿಗೂ ಹೇಳದ ಮಾತು ಯಾವುದು?"

ಕತ್ತರಿ ನಿಂತಿತು. "ನಂಗೆ ಎಡಗಿವಿ ಕೇಳ್ಸಲ್ಲ. ಆ ಕಡೆಯಿಂದ ಗಿರಾಕಿ ಏನಂದ್ರೂ ಹೂಂ ಅಂತೀನಿ."

ಕುರ್ಚಿಯಲ್ಲಿದ್ದವನು ಕನ್ನಡಿಯಲ್ಲಿ ಕಣ್ಣು ಕಣ್ಣು ಬಿಟ್ಟ. "ಮೀಸೆ ಮುಟ್ಬೇಡ ಅಂದಿದ್ನಲ್ಲಯ್ಯಾ!"

ಹೂಂ ಅಂದಾಗಿತ್ತು. ಮೀಸೆ ಹೋಗಿಯೂ ಆಗಿತ್ತು.

ಅಕ್ಕ ಸ್ಟೇರಿಂಗ್ ತಟ್ಟಿ ತಟ್ಟಿ ನಗುತ್ತಾಳೆ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಇನ್ನು ಒಂಬತ್ತೇ ದಿನ.

೪, ಮಧ್ಯಾಹ್ನ

ಬರೆದುಬಿಡುತ್ತೇನೆ. ಎಲ್ಲಾದರೂ ಒಂದು ಕಡೆ ನಿಜ ಇರಲಿ.

ಅಕ್ಕನಿಗೆ ಪತ್ರ ಬರೆದ ಆಯ್ಕೆ ಸಮಿತಿ ಎಂಬುದು ಭೂಮಿಯ ಮೇಲೆ ಇಲ್ಲ. ಅದರ ಅಧ್ಯಕ್ಷ, ಕಾರ್ಯದರ್ಶಿ, ಸೀಲು ಹೊಡೆಯುವ ಗುಮಾಸ್ತ — ಮೂವರೂ ನಾನೇ. ಸೀಲು ಆಲೂಗಡ್ಡೆಯದು. "ಮಾನ್ಯರೇ, ಹಾರ್ಧಿಕ ಅಭಿನಂದನೆಗಳು. ಅಪರಿಚಿತರನ್ನು ಮಾತಾಡಿಸುವ ಚಿತ್ರ ತೆಗೆಯಲು ತಾವು ಆಯ್ಕೆಯಾಗಿದ್ದೀರಿ. ಹನ್ನೆರಡನೇ ತಾರೀಖು ಖುದ್ದಾಗಿ ತಂದು ಒಪ್ಪಿಸತಕ್ಕದ್ದು. ವಿಳಾಸ: ಗಡಿಯಾರದಂಗಡಿ ಮೇಲೆ, ಎರಡನೇ ಮಹಡಿ." ಕೇಳಬೇಕಾದ ಪ್ರಶ್ನೆಯನ್ನೂ ನಾನೇ ದಯಪಾಲಿಸಿದ್ದೆ. ಅಂಗಡಿ ಮಾತ್ರ ನಿಜ, ಸ್ಕೂಲ್ ಟ್ರಿಪ್ಪಿನಲ್ಲಿ ಕಂಡದ್ದು, ಐನೂರು ಕಿಲೋಮೀಟರ್ ದೂರ. ಮೇಲೆ ಮಹಡಿ ಇತ್ತೋ ಇಲ್ಲವೋ, ಯಾರಿಗೆ ನೆನಪು.

ಯಾಕೆ ಬರೆದೆ? ಸುಮ್ನೆ. ಸುಮ್ನೆ ಅಂತಲೇ ಇರಲಿ.

ಓದಿ ನಗುತ್ತಾಳೆ, ತಲೆಗೆ ಮೊಟಕುತ್ತಾಳೆ ಅಂದುಕೊಂಡಿದ್ದೆ. ಇಲ್ಲವೇ... ಹೋಗಲಿ. ನಗಲಿಲ್ಲ. ಎರಡು ಸಲ ಓದಿ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಮರುದಿನ ಸ್ಟುಡಿಯೋ ಕೆಲಸಕ್ಕೆ ರಾಜೀನಾಮೆ. ಆರು ವರ್ಷ ಪಾಸ್‌ಪೋರ್ಟ್ ಫೋಟೋ ತೆಗೆದವಳು. "ಗಲ್ಲ ಕೆಳಗೆ, ನಗ್ಬೇಡಿ" — ದಿನಕ್ಕೆ ನಲವತ್ತು ಸಲ.

ಹನ್ನೆರಡನೇ ತಾರೀಖು ಇಲ್ಲದ ಸಮಿತಿಯ ಮೆಟ್ಟಿಲ ಕೆಳಗೆ ಅವಳು ಕೆಲಸವೂ ಇಲ್ಲದೆ ನಿಲ್ಲುತ್ತಾಳೆ. ಅಷ್ಟರೊಳಗೆ ಬಾಯಿ ಬಿಡಬೇಕು.

೫, ಪೆಟ್ರೋಲ್ ಬಂಕು

"ಅಕ್ಕಾ, ಒಂದ್ ವಿಷ್ಯ."

"ಹೇಳೋ."

"ಟೈರಲ್ಲಿ ಗಾಳಿ ಕಮ್ಮಿ ಇದೆ."

ಗಾಳಿ ಸರಿಯಾಗಿಯೇ ಇತ್ತು. ಧೈರ್ಯ ಕಮ್ಮಿ ಇತ್ತು.

೭, ಸಂಜೆ ೪

ಟೋಲ್ ಗೇಟಿನ ಹೆಂಗಸು. ಗೂಡಿನಂಥ ಕೋಣೆ, ಮೊಣಕೈಗೆ ತಾಗುವಷ್ಟು ಹತ್ತಿರ ಫ್ಯಾನು.

"ಎಲ್ಲ್ರೂ ನನ್ ಕೈ ಮಾತ್ರ ನೋಡ್ತಾರೆ. ಒಬ್ರು ಲಾರಿಯವ್ರು ಮುಖ ನೋಡಿ 'ಊಟ ಆಯ್ತಾಮ್ಮಾ' ಅಂದ್ರು. ಎರಡು ವರ್ಷ ಆಯ್ತು. ಈಗ್ಲೂ ಹಸಿರು ಲಾರಿ ಕಂಡ್ರೆ ಕೂದ್ಲು ಸರಿ ಮಾಡ್ಕೋತೀನಿ." ಹಿಂದಿನಿಂದ ಹಾರನ್ನು. ಅವಳು ನಾಚಿದಳು. "ಇದನ್ನ ಯಾರು ನೋಡ್ತಾರೆ?"

"ಸಮಿತಿಯವ್ರು," ಎಂದಳು ಅಕ್ಕ.

"ಒಳ್ಳೆಯವ್ರಾ?"

"ನೋಡೋಣ."

ಸಮಿತಿಯವರು ಪಕ್ಕದಲ್ಲೇ ಮೈಕ್ ಹಿಡಿದು ನಿಂತಿದ್ದರು. ಸಾಕ್ಸ್ ಒದ್ದೆಯಾಗುವಷ್ಟು ಬೆವೆತಿದ್ದರು.

"ಮೈಕ್ ಅಲ್ಲಾಡಿಸ್ಬೇಡ್ವೋ, ಮಂಗ."

೧೦, ಬೆಳಿಗ್ಗೆ

ಎರಡು ದಿನ ಬರೆಯಲಿಲ್ಲ. ಪೆನ್ನು ಹಿಡಿದರೆ ನಿಜ ಬರುತ್ತದೆ, ಕಷ್ಟ.

ಬೋರ್ಡ್ ಬರೆಯುವವರೊಬ್ಬರು ಸಿಕ್ಕರು. ಏಣಿ ಮೇಲೆ, ಬಾಯಲ್ಲಿ ಬ್ರಷ್ಷು. ಹೊಸ ಅಂಗಡಿಗೆ "ಹಾರ್ದಿಕ ಸ್ವಾಗತ" ಬರೆಯುತ್ತಿದ್ದರು. ನನಗೆ ಸುಮ್ಮನಿರಲಾಗಲಿಲ್ಲ.

"ಅಣ್ಣಾ, ಹೊಟ್ಟೆ ಸೀಳೋದು ಮರ್ತಿದೀರಿ. ದೊಡ್ಡ ಧ ಅಲ್ವಾ?"

"ಯಾವ ಮೇಷ್ಟ್ರಪ್ಪಾ ಹೇಳ್ಕೊಟ್ಟಿದ್ದು? ಹೃದಯದಿಂದ ಬಂದಿರೋ ಪದ. ಹೃದಯಕ್ಕೂ ಹೊಟ್ಟೆ ಸೀಳ್ತೀಯಾ ನೀನು?"

ಅಕ್ಕ ಕ್ಯಾಮೆರಾ ಬಿಟ್ಟು ಫುಟ್‌ಪಾತ್ ಮೇಲೆ ಕೂತು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು. ಅಷ್ಟು ನಗುವಂಥದ್ದೇನು? ಅವಳ ಹುಟ್ಟುಹಬ್ಬದ ಕಾರ್ಡಿನಲ್ಲೆಲ್ಲ ಹೊಟ್ಟೆ ಸೀಳಿಯೇ ಬರೆದಿದ್ದೇನೆ, ಒಂದನೇ ಕ್ಲಾಸಿನಿಂದ. ಯಾರೂ ತಿದ್ದಿಲ್ಲ.

ಬೋರ್ಡಿನವರು ಯಾರಿಗೂ ಹೇಳದ ಮಾತು: ಈಗೀಗ ಹಸಿರು, ನೀಲಿ ಎರಡೂ ಅವರಿಗೆ ಒಂದೇ. ಹೆಂಡತಿ ಡಬ್ಬಿಗಳ ಮೇಲೆ ಚೀಟಿ ಅಂಟಿಸಿಡುತ್ತಾಳಂತೆ. "ಅವಳಿಗೆ ಗೊತ್ತು ಅಂತ ನಂಗೊತ್ತು. ಇಬ್ರೂ ಮಾತಾಡಲ್ಲ."

೧೧

ವ್ಯಾನು ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ದರಿದ್ರದ್ದು, ಜನ್ಮದಲ್ಲಿ ಮೊದಲ ಬಾರಿಗೆ ಕುದುರೆಯಂತೆ ಓಡುತ್ತಿದೆ.

೧೨, ಬೆಳಿಗ್ಗೆ ೧೧ — ಅಥವಾ ೩, ಅಥವಾ ೭. ಇಲ್ಲಿ ಒಂದೊಂದು ಗಡಿಯಾರ ಒಂದೊಂದು ಹೇಳುತ್ತಿದೆ

ಅಂಗಡಿ ಇದೆ. ಅಂಗಡಿ ಮೇಲೆ ಶೀಟು. ಶೀಟಿನ ಮೇಲೆ ಒಂದು ಪಾರಿವಾಳ. ಅದರ ಮೇಲೆ ಆಕಾಶ.

"ಅಕ್ಕಾ..."

ಅವಳು ಕೈಕಟ್ಟಿ ಪಾರಿವಾಳ ನೋಡುತ್ತಿದ್ದಳು. "ಎರಡನೇ ಮಹಡಿಗೆ ಮೆಟ್ಲು ಎಲ್ಲಿದೆ ತೋರ್ಸಿ, ಅಧ್ಯಕ್ಷರೇ."

ಮೈಕ್ ಕೈಜಾರಿತು. ಸಾಕ್ಸ್ ಇತ್ತು, ಬಚಾವ್.

"ಯಾವಾಗ ಗೊತ್ತಾಯ್ತು?"

"ಎರಡನೇ ಪದಕ್ಕೆ. ಹೊಟ್ಟೆ ಸೀಳಿದ್ಯಲ್ಲೋ."

"ಗೊತ್ತಿದ್ದೂ ಕೆಲ್ಸ ಬಿಟ್ಯಾ?"

ಮೈಕ್ ಎತ್ತಿಕೊಂಡು ತನ್ನ ಬಾಯಿಗೇ ಹಿಡಿದಳು, ನಗಲಿಲ್ಲ. "ಯಾರಿಗೂ ಹೇಳದ ಮಾತು. ರಾಜೀನಾಮೆ ಬರ್ದು ಎಂಟು ತಿಂಗ್ಳು ಆಗಿತ್ತು. ಮನೇಲಿ ನನ್ ಡ್ರಾಯರಲ್ಲೇ ಇತ್ತು. ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದೆ. ಕೈ ಬರ್ತಿರ್ಲಿಲ್ಲ ಕಣೋ. ಒಂದು ನೆಪ ಬೇಕಿತ್ತು, ಸುಳ್ಳಾದ್ರೂ ಸರಿ."

ಆಮೇಲೆ ಅಂಗಡಿಯವರ ಸ್ಟೂಲು ಕೇಳಿ ತಂದಳು. ನನ್ನನ್ನು ಕೂರಿಸಿದಳು. ಕ್ಯಾಮೆರಾ ನನ್ನ ಕಡೆ. ಕೆಂಪು ದೀಪ.

"ನಿನ್ ಸರದಿ. ಸಮಿತಿ ಕತೆ ಬೇಡ, ಅದು ಹಳೇದಾಯ್ತು. ಬೇರೆ ಹೇಳು. ಗಲ್ಲ ಕೆಳಗೆ. ನಗ್ಬೇಡ."

ನಗು ಬಂದರೆ ತಾನೆ. ಒಂಬತ್ತು ದಿನ ಕುಣಿಯುತ್ತಿದ್ದ ಕಾಲು ಅಲ್ಲೇ ನಿಂತುಬಿಟ್ಟಿತು. ಈ ಪುಸ್ತಕಕ್ಕೂ ಹೇಳದ್ದು ಒಂದಿತ್ತು.

"ಅಕ್ಕಾ," ಅಂದೆ, "ಆ ಡ್ರಾಯರಿಗೆ ಬೀಗ ಇರ್ಲಿಲ್ಲ. ಆ ಖಾಲಿ ಜಾಗ ನೋಡಿದ್ಮೇಲೇ ನಾನು ಆಲೂಗಡ್ಡೆ ಕೆತ್ತೋಕೆ ಕೂತಿದ್ದು."