ನನಗೆ ಕಾಯಿಲೆಯಿಲ್ಲ

ಮಿಲೇಟಸ್

ದೋಸಿಥಿಯೋಸ್ ಭಾವನವರಿಗೆ ಜೋಸಿಮೆಯ ನಮಸ್ಕಾರಗಳು.

ನಮ್ಮ ಯೆಹೂದ್ಯ ಹಿರಿಯರ ಸಭೆಯ ಪರವಾಗಿ ನೀವು ಬರೆದ ಓಲೆ ತಲುಪಿತು. ಕಾಯಿಲೆಯೆಂದು ಹೇಳಿ ನಾನಾಗಿಯೇ ಪ್ರಾರ್ಥನಾಲಯದ ಮುಖ್ಯಸ್ಥೆಯ ಸ್ಥಾನ ಬಿಡಬೇಕಂತೆ. ಭಾವ, ನಾನು ಗಟ್ಟಿಮುಟ್ಟಾಗಿದ್ದೇನೆ. ನಿನ್ನೆ ಬಂದರಿನವರೆಗೆ ನಡೆದುಹೋಗಿ ದೀಪದೆಣ್ಣೆ ತಂದೆ.

ನಿಮ್ಮ ಸಿಟ್ಟಿನ ಕಾರಣ ಗೊತ್ತಿದೆ. ಬಣ್ಣಗಾರ ಅನನಿಯನನ್ನು ನಗರಸಭೆಯವರು ಸಬ್ಬತ್ತಿನ ದಿನವೇ ವಿಚಾರಣೆಗೆ ಕರೆದರು. ವಿಶ್ರಾಂತಿಯ ದಿನವೆಂದು ಅವನು ಹೋಗಲಿಲ್ಲ. ಅದಕ್ಕೇ ಸೆರೆಗೆ ಹಾಕಿದರು. ಅವನ ಹೆಂಡತಿ ನಿಮ್ಮ ಬಾಗಿಲಿಗೆ ಬಂದಾಗ, "ಸುಮ್ನಿರಮ್ಮ, ಊರವರ ಜೊತೆ ಯಾಕೆ ಜಗಳ?" ಎಂದಿರಿ. ಆಮೇಲೆ ಅವಳು ನನ್ನಲ್ಲಿಗೆ ಬಂದಳು.

ಸಬ್ಬತ್ತಿನ ದಿನ ನಮ್ಮನ್ನು ವಿಚಾರಣೆಗೆ ಕರೆಯಬಾರದೆಂದು ರೋಮಿನವರು ಕೊಟ್ಟ ಹಕ್ಕುಪತ್ರ ಹಿಡಿದು ನಾನು ನಗರಸಭೆಗೆ ಹೋದೆ. "ಏನಮ್ಮ, ಯೆಹೂದ್ಯರಲ್ಲಿ ಗಂಡಸರು ಮುಗಿದುಹೋದ್ರಾ?" ಎಂದು ಒಬ್ಬ ನಕ್ಕ.

"ಒಬ್ಬನನ್ನ ನೀವೇ ಕೂಡಿಹಾಕಿದ್ದೀರಲ್ಲ, ಮೊದಲು ಅವನನ್ನ ಬಿಡಿ" ಎಂದೆ.

ಹಕ್ಕುಪತ್ರ ಬಿಚ್ಚಿದೆ. ಕೊನೆಯ ಸಾಲಿನವರೆಗೆ ಓದಿದೆ. ಸಂಜೆಯೊಳಗೆ ಅನನಿಯ ಮನೆಗೆ ಬಂದ.

ಹೆಂಗಸು ಹೊರಗಿನವರೆದುರು ಮಾತಾಡಿದ್ದು ನಿಮಗೆ ಅವಮಾನವಂತೆ. ಸ್ಥಾನ ಬಿಟ್ಟರೆ 'ಸಮುದಾಯದ ತಾಯಿ' ಎಂಬ ಬಿರುದು ಕೊಡುತ್ತೀರಂತೆ. ಬೇಡ ಭಾವ, ಆ ಬಿರುದು ನಿಮ್ಮಲ್ಲೇ ಇರಲಿ.

ಪ್ರಾರ್ಥನಾಲಯದ ಮೆಟ್ಟಿಲು ಹತ್ತುವುದು ನಿಮ್ಮ ಮೊಣಕಾಲಿಗೆ ಕಷ್ಟ. ಕೈ ಹಿಡಿಯಲು ಯಾರನ್ನಾದರೂ ನಿಲ್ಲಿಸುತ್ತೇನೆ. ಈ ಸಬ್ಬತ್ತಿಗೆ ತಪ್ಪದೆ ಬನ್ನಿ. ಹೆಂಡತಿ ಮಕ್ಕಳ ಜೊತೆ ಅನನಿಯ ಮುಂದಿನ ಸಾಲಿನಲ್ಲಿ ಕೂತಿರುತ್ತಾನೆ. ನನ್ನನ್ನು ಇಳಿಸಬೇಕೆಂದರೆ ಎದ್ದು ನಿಂತು ಅವರೆದುರಿಗೇ ಹೇಳಿ.

ನಿಮ್ಮ ತಮ್ಮನ ಹೆಂಡತಿ,
ಜೋಸಿಮೆ
ಪ್ರಾರ್ಥನಾಲಯದ ಮುಖ್ಯಸ್ಥೆ