ಸೊಸೆ ನನ್ನ ಜೊತೆ ಜಗಳವಾಡಿದಳು

ಮನೆಯಿಂದ,
ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗನೇ,

ನಿನ್ನ ಕೆಮ್ಮು ಹೇಗಿದೆ? ಹಡಗು ರಿಪೇರಿ ಮಾಡುವ ಕಡೆ ಬಣ್ಣದ ವಾಸನೆ, ಕಬ್ಬಿಣದ ಪುಡಿ ಎಲ್ಲ ಗಂಟಲಿಗೆ ಹೋಗುತ್ತದೆ, ಮುಖಕ್ಕೆ ಬಟ್ಟೆ ಕಟ್ಟಿಕೋ ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿತು. ನೀನು ಕಟ್ಟಿಕೊಳ್ಳುವುದಿಲ್ಲ ಎಂದು ಗೊತ್ತು, ಆದರೂ ಬರೆಯುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಗಟ್ಟಿಮುಟ್ಟಾಗಿದ್ದೇನೆ. ನಿನ್ನ ಮಗಳು ಗುಬ್ಬಿ ಗೋಡೆ ಹಿಡಿದು ನಿಲ್ಲುತ್ತಾಳೆ, ದೊಪ್ಪನೆ ಬೀಳುತ್ತಾಳೆ, ಬಿದ್ದದ್ದು ನೆಲದ ತಪ್ಪು ಎನ್ನುವ ಹಾಗೆ ನೆಲವನ್ನೇ ಗುರಾಯಿಸುತ್ತಾಳೆ. ಥೇಟ್ ನೀನೇ.

ನಿನ್ನ ಕಾಗದ ಬಂತು. ಕ್ವಾರ್ಟರ್ಸ್ ಸಿಕ್ಕಿತು ಎಂದು ಓದಿ ಹೊಟ್ಟೆ ತಣ್ಣಗಾಯಿತು. ಅದರ ಕೆಳಗಿನದನ್ನು ಓದಿ ಮೈಯೆಲ್ಲ ಉರಿಯಿತು. ನಾನು ಗುಬ್ಬಿಯನ್ನು ಕರೆದುಕೊಂಡು ನಿನ್ನ ಹತ್ತಿರ ಬಂದುಬಿಡಬೇಕು, ನಿನ್ನ ಹೆಂಡತಿ ಪೂರ್ತಿ ಸರಿಹೋಗುವ ತನಕ ಅವಳ ಅಣ್ಣನ ಮನೆಯಲ್ಲಿರಲಿ ಎಂದಿದ್ದೀಯ. ಪೂರ್ತಿ ಸರಿಹೋಗುವುದು ಅಂದರೆ ಏನಪ್ಪಾ? ನೀನು ಪೂರ್ತಿ ಸರಿಯಿದ್ದೀಯಾ? ನಾನಿದ್ದೇನಾ? ಇರಲಿ, ಸಿಟ್ಟು ಆಮೇಲೆ, ಮೊದಲು ಸುದ್ದಿ ಕೇಳು. ಹೋದ ವಾರ ನಿನ್ನ ಹೆಂಡತಿ ನನ್ನ ಜೊತೆ ಜಗಳವಾಡಿದಳು. ಅಂಥಿಂಥ ಜಗಳವಲ್ಲ, ಮಹಡಿ ಮೇಲಿನ ಎಲೆಕ್ಟ್ರಿಷಿಯನ್ನನ ಹೆಂಡತಿ ಇಳಿದು ಬಂದು ಬಾಗಿಲು ತಟ್ಟುವಂಥ ಜಗಳ. ನನಗಾದ ಸಂತೋಷ ಹೇಳತೀರದು.

ನೀನು ಹೊರಟಾಗ ಅವಳು ಹೇಗಿದ್ದಳು ಎಂಬುದನ್ನು ನಾನೂ ಮರೆತಿಲ್ಲ. ಹೆರಿಗೆಯಾದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದವಳು ಮಗು ಅತ್ತರೂ ತಿರುಗುತ್ತಿರಲಿಲ್ಲ. ‘ನಾನಿಲ್ದಿದ್ರೇ ಇದಕ್ಕೆ ಒಳ್ಳೇದು’ ಎಂದು ಅವಳು ಮೆಲ್ಲಗೆ ಅಂದದ್ದು ಕೇಳಿ ನಾವಿಬ್ಬರೂ ನಡುಗಿಹೋಗಿದ್ದೆವು. ಇದು ಸೋಮಾರಿತನವಲ್ಲ, ಕಾಯಿಲೆ ಎಂದು ಮನಸ್ಸಿನ ಡಾಕ್ಟರಮ್ಮ ಹೇಳಿದ ಮೇಲೆ ನಾನು ಟೊಂಕ ಕಟ್ಟಿ ನಿಂತೆ. ತಲೆ ಬಾಚಿದೆ, ತಿನ್ನಿಸಿದೆ, ಮಾತ್ರೆ ಕೈಯಲ್ಲಿಟ್ಟು ನುಂಗಿಸಿದೆ, ಅವಳ ಪಾಲಿನ ಮಾತನ್ನೂ ನಾನೇ ಆಡಿದೆ. ಒಮ್ಮೆ ಡಾಕ್ಟರಮ್ಮ ‘ನಿದ್ದೆ ಬರುತ್ತಾ?’ ಎಂದು ಕೇಳಿದರೆ ನಾನು ಉತ್ತರ ಶುರು ಮಾಡಿದೆ. ‘ಅಮ್ಮಾ, ನಾನು ಕೇಳಿದ್ದು ಅವರನ್ನ’ ಎಂದರು. ಬಾಯಿ ಮುಚ್ಚಿಕೊಂಡು ಕೂತೆ. ನನಗೆ ಅದೆಷ್ಟು ಕಷ್ಟ ಎಂದು ನಿನಗೆ ಹೇಳಬೇಕಾಗಿಲ್ಲ. ಅವಳು ತಡವರಿಸಿ ತಡವರಿಸಿ ತಾನೇ ಹೇಳಿದಳು.

ಒಂದೇ ದಿನದಲ್ಲಿ ಏನೂ ಬದಲಾಗಲಿಲ್ಲ. ಆದರೆ ಅವಳು ಚೇತರಿಸಿಕೊಳ್ಳುತ್ತಿದ್ದಾಳೆಂದು ನನಗೆ ಮೊದಲು ಗೊತ್ತಾದದ್ದು ನನ್ನ ಹಲ್ಲಿನ ಸೆಟ್ಟಿನಿಂದ. ಅಡುಗೆಮನೆಯಲ್ಲಿ ಬ್ರೆಡ್ಡು ಅಗಿಯುತ್ತಾ, ಒತ್ತುತ್ತದೆಂದು ಬಾಯಿ ಒಂದು ಕಡೆಗೆ ಸೊಟ್ಟ ಮಾಡಿಕೊಂಡಿದ್ದೆ. ತಿಂಗಳುಗಟ್ಟಲೆ ಯಾರ ಮುಖವನ್ನೂ ನೋಡದವಳು ನನ್ನನ್ನೇ ನೋಡುತ್ತಿದ್ದಳು. ‘ಅತ್ತೆ, ಸೆಟ್ಟು ಒತ್ತುತ್ತಾ ಇದೆಯಲ್ವಾ? ತೆಗೀರಿ’ ಎಂದಳು. ತೊಳೆದು ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು, ಒಳಗೆ ಹೆಬ್ಬೆರಳಾಡಿಸಿ, ‘ಯಾರು ಉಜ್ಜಿದ್ದು ಇದನ್ನ? ಅಂಚು ಹಾಗೇ ಬಿಟ್ಟಿದಾರೆ’ ಎಂದು ಮೂಗು ಮುರಿದಳು. ಸೆಟ್ಟು ಮಾಡುವ ಲ್ಯಾಬಿನಲ್ಲಿ ಅಷ್ಟು ವರ್ಷ ಪಳಗಿದ ಕೈ ಅಲ್ಲವಾ. ಆ ಮೂಗು ಮುರಿದದ್ದು ನೋಡಿ ನನಗೆ ಅಳುವೇ ಬಂತು. ಹಲ್ಲಿಲ್ಲದ ಬಾಯಲ್ಲಿ ಅತ್ತರೆ ಚೆನ್ನಾಗಿ ಕಾಣುವುದಿಲ್ಲವೆಂದು ಒಲೆ ಕಡೆ ತಿರುಗಿಕೊಂಡೆ.

ಆಮೇಲೆ ಡಾಕ್ಟರಮ್ಮನನ್ನು ಕೇಳಿಕೊಂಡು ಅರ್ಧ ದಿನದ ಕೆಲಸಕ್ಕೆ ಹೊರಟಳು. ಲ್ಯಾಬಿನಲ್ಲಿ ಅವಳ ಮೇಜಿಗೆ ಬೇರೆ ಹುಡುಗಿ ಬಂದಿದ್ದಳು. ಯಜಮಾನರು ಇವಳನ್ನು ಮೂಲೆಯಲ್ಲಿ ಪಾಲಿಶ್ ಯಂತ್ರದ ಮುಂದೆ ಕೂರಿಸಿದರು, ಹೊಸಬರಿಗೆ ಕೊಡುವ ಕೆಲಸ. ಇವಳು ಮುಖ ಊದಿಸಲಿಲ್ಲ. ಒಂದು ದಿನ ಮಾತ್ರ ಹೋದ ಹಾಗೇ ವಾಪಸ್ ಬಂದು ಚಪ್ಪಲಿಯನ್ನೂ ಬಿಚ್ಚದೆ ಮಲಗಿಬಿಟ್ಟಳು. ‘ಅತ್ತೆ, ಇವತ್ತು ಆಗ್ಲಿಲ್ಲ. ನಾಳೆ ಹೋಗ್ತೀನಿ’ ಎಂದಳು. ಮಾರನೇ ದಿನ ಹೋದಳು ಕಣೋ. ಹೋದಳು. ಅವಳು ಬೀದಿಯ ತಿರುವಿನ ತನಕ ನಡೆದು ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ನೀನು ಪರೀಕ್ಷೆ ಪಾಸಾದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ಬೇಜಾರು ಮಾಡಿಕೊಳ್ಳಬೇಡ, ನೀನು ಪಾಸಾದದ್ದೂ ಅಷ್ಟಕ್ಕಷ್ಟೇ.

ಇನ್ನು ಜಗಳ. ಗುಬ್ಬಿಗೆ ನೆಗಡಿಯಾಗಿತ್ತು. ಸ್ನಾನ ಬೇಡ ಎಂದು ನಾನು, ಬೆಚ್ಚಗಿನ ನೀರಲ್ಲಿ ಬೇಗ ಮುಗಿಸ್ತೀನಿ ಎಂದು ಅವಳು. ನಾನು ಮಗುವನ್ನು ಅವುಚಿಕೊಂಡು ಬಿಡಲೇ ಇಲ್ಲ. ‘ಅತ್ತೆ, ಮಗು ನಂದು. ಕೊಡಿ ಇಲ್ಲಿ’ ಎಂದಳು. ನನ್ನ ನಾಲಗೆ ಗೊತ್ತಲ್ಲ, ‘ಇಷ್ಟು ದಿನ ಎಲ್ಲಿದ್ದೆ?’ ಎಂದುಬಿಟ್ಟೆ. ಅವಳು ಅಳಲಿಲ್ಲ, ಒಳಗೆ ಹೋಗಿ ಮಲಗಲಿಲ್ಲ. ‘ಕಾಯಿಲೆ ಇತ್ತು. ಈಗ ಇದ್ದೀನಿ. ಕೊಡಿ’ ಎಂದು ದನಿಯೇರಿಸಿ ಎರಡೂ ಕೈ ಮುಂದೆ ಚಾಚಿದಳು. ಮೊಂಡು ಮುದುಕಿ ಎಂದೂ ಸೇರಿಸಿದಳು. ಕೊಟ್ಟೆ. ಅಷ್ಟರಲ್ಲಿ ಎಲೆಕ್ಟ್ರಿಷಿಯನ್ನನ ಹೆಂಡತಿ ಏನಾಯಿತೆಂದು ಓಡಿ ಬಂದಳು. ‘ನಮ್ಮ ಸೊಸೆ ಚೇತರಿಸ್ಕೊಂಡಿದಾಳೆ, ಬೈತಾ ಇದಾಳೆ, ಬಾ ಕೂತ್ಕೊಂಡು ಕೇಳು’ ಎಂದೆ. ಒಳಗೆ ಗುಬ್ಬಿ ನೀರು ಬಡಿದು ಕೇಕೆ ಹಾಕುತ್ತಿದ್ದಳು.

ನಿನ್ನ ಕಾಗದವನ್ನು ಮುಚ್ಚಿಡಲಿಲ್ಲ, ಅವಳ ಕೈಗೇ ಕೊಟ್ಟೆ. ಓದಿದವಳ ಮುಖ ಚಿಕ್ಕದಾಯಿತು. ಕಾಗದ ಮಡಿಚಿ ನನ್ನ ಕೈಗಿಟ್ಟು, ‘ಅವರಿಗೆ ಭಯ ಅತ್ತೆ. ನಾನು ಬಿದ್ದಿದ್ದು ನೋಡಿದಾರೆ, ಎದ್ದಿದ್ದು ನೋಡಿಲ್ಲ’ ಎಂದಳು. ನನಗಿರುವಷ್ಟು ಸಿಟ್ಟು ನಿನ್ನ ಮೇಲೆ ಅವಳಿಗಿಲ್ಲ, ನಿನ್ನ ಪುಣ್ಯ. ಮಾತ್ರೆ ಇನ್ನೂ ಇದೆ, ಈಗ ಅವಳೇ ತೆಗೆದುಕೊಳ್ಳುತ್ತಾಳೆ. ಕೆಟ್ಟ ದಿನಗಳೂ ಬರುತ್ತವೆ, ಬಂದಾಗ ಬಾಯಿಬಿಟ್ಟು ಹೇಳುತ್ತಾಳೆ. ನಮ್ಮ ಮನೆಯಲ್ಲಿ ಅಷ್ಟು ಧೈರ್ಯ ಇನ್ಯಾರಿಗಿದೆ ಹೇಳು.

ಮೈ ಕಡೆ ಗಮನವಿರಲಿ. ನೂರು ಕಾಲ ಸುಖವಾಗಿರು, ಬುದ್ಧಿ ಮಾತ್ರ ಸ್ವಲ್ಪ ಬೇಗ ಬರಲಿ.

ನಿನ್ನ ಅಮ್ಮ

ಮರೆತಿದ್ದೆ: ಅವಳೂ ಗುಬ್ಬಿಯೂ ಶುಕ್ರವಾರದ ರೈಲಿಗೆ ನಿನ್ನ ಹತ್ತಿರ ಹೊರಡುತ್ತಾರೆ. ಟಿಕೆಟ್ಟು ಅವಳೇ ತಂದಳು. ಡಾಕ್ಟರಮ್ಮ ಒಪ್ಪಿದ್ದಾರೆ, ಅಲ್ಲಿ ಯಾರಿಗೆ ತೋರಿಸಬೇಕೆಂದೂ ಹೇಳಿದ್ದಾರೆ. ಕೆಲಸ ಬಿಡಬೇಕಲ್ಲೇ ಎಂದರೆ ‘ಆ ಊರಲ್ಲಿ ಜನಕ್ಕೆ ಹಲ್ಲು ಬೀಳಲ್ವಾ ಅತ್ತೆ?’ ಎನ್ನುತ್ತಾಳೆ. ನಾನು ಈಗ ಬರುತ್ತಿಲ್ಲ, ಅವಳು ಕರೆದಾಗ ಬರುತ್ತೇನೆ. ಶನಿವಾರ ಬೆಳಿಗ್ಗೆ ಸ್ಟೇಷನ್ನಿಗೆ ನೀನೇ ಹೋಗು. ಜೊತೆಗೆ ಯಾರು ಬಂದರು ಎಂದು ಕೇಳಬೇಡ. ಪೆಟ್ಟಿಗೆ ಇಳಿಸಿಕೋ, ಚೀಲ ಇಸಿದುಕೋ. ಮಗುವಿಗೆ ಮಾತ್ರ, ಅವಳಾಗಿ ಕೊಡುವ ತನಕ, ಕೈ ಚಾಚಬೇಡ.